ಎರಡನೆಯ ಬ್ರೇಕು

ಬಲಗಾಲಿನ ಶೂವಿನ ಅಟ್ಟೆ ಮತ್ತೆ ಸವೆದಿತ್ತು. ಎಡಗಾಲಿನದು ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೇ ಇದೆ. ಬಲಗಾಲಿನದು ಮಾತ್ರ ಹೆಬ್ಬೆರಳಿನ ಬುಡದಲ್ಲಿ ಹಪ್ಪಳದಷ್ಟು ತೆಳ್ಳಗಾಗಿ, ಬೆರಳಿಟ್ಟು ಒತ್ತಿದರೆ ಒಳಕ್ಕೆ ಹೋಗುತ್ತದೆ. ಮೇಷ್ಟರು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಮೇಷ್ಟರು ಅನ್ನುವುದು ಬಾಯಿಮಾತಿಗೆ. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ, ಕಾರು ಕಲಿಸುವವರು. ಬಚ್ಚಲುಮನೆಯಿಂದ ತಮ್ಮನ ದನಿ ಬರುತ್ತಿತ್ತು. ತಮ್ಮ ಬಂದಿರಲಿಲ್ಲ, ಮಗಳ ಫೋನಿನಲ್ಲಿ ಅವನ ಭಾಷಣದ ವಿಡಿಯೋ ಓಡುತ್ತಿತ್ತು. ಬೆಳಿಗ್ಗೆ ಎದ್ದ ತಕ್ಷಣ ನಿಮ್ಮ ಹಾಸಿಗೆಯನ್ನು ನೀವೇ ಮಡಿಸಿ, ದಿನದ ಮೊದಲ ಗೆಲುವು ಅದು, ಎನ್ನುತ್ತಿದ್ದ. ಮೇಷ್ಟರಿಗೆ ಮೈಯೆಲ್ಲ ಉರಿಯಿತು. ಮದುವೆಯಾಗುವ ತನಕ ಇವನ ಹಾಸಿಗೆ ಮಡಿಸಿದವರು ಯಾರು? ಬೈದುಕೊಂಡು ಬೈದುಕೊಂಡು ದಿನಾ ಮಡಿಸಿದ್ದು ತಾವು. ಹಾಗೆ ಲೆಕ್ಕ ಹಾಕಿದರೆ ದಿನದ ಮೊದಲ ಗೆಲುವು ಎಷ್ಟು ವರ್ಷ ತಮ್ಮ ಪಾಲಿಗೇ ಬಂದಿರಬೇಕಿತ್ತು. ಅದೆಲ್ಲ ಎಲ್ಲಿ ಹೋಯಿತೋ. ಊರಿಗೆಲ್ಲ ಉಪದೇಶ ಮಾಡುವವನ ದನಿ ಬಚ್ಚಲಿನ ಗೋಡೆಗೆ ಬಡಿದು ಇನ್ನಷ್ಟು ಗಂಭೀರವಾಗಿ ಕೇಳುತ್ತಿತ್ತು.

"ಇವತ್ತೊಂದು ದಿನ ಅವಳ ಮೇಲೆ ರೇಗಬೇಡಿ," ಎಂದು ಹೆಂಡತಿ ಅಡುಗೆಮನೆಯಿಂದಲೇ ಹೇಳಿದಳು.

ರೇಗುವುದೆಲ್ಲಿ ಬಂತು. ಮಗಳು ಭಾನುವಾರದಿಂದ ಅವರ ಜೊತೆ ಬಾಯಿಬಿಟ್ಟು ಮಾತಾಡಿಲ್ಲ. ಮಾತಾಡಿದ್ದರೆ ತಾನೆ ರೇಗುವುದು. ಹೂಂ, ಊಹೂಂ, ಸರಿ, ಇಷ್ಟರಲ್ಲೇ ದಿನ ಕಳೆಯುತ್ತಿದ್ದಾಳೆ. ಅವಳು ದಾದಿ. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಕೆಲಸವೊಂದು ಸಿಕ್ಕಿದೆ, ಆಸ್ಪತ್ರೆಯವರೇ ಕಾರು ಕೊಡುತ್ತಾರೆ, ಓಡಿಸಲು ಲೈಸೆನ್ಸ್ ಬೇಕು ಅಷ್ಟೆ. ಆ ಅಷ್ಟೆ ಅನ್ನುವುದರಲ್ಲೇ ಎಲ್ಲ ನಿಂತಿದೆ. ಮೂರು ಸಲ ಟೆಸ್ಟಿಗೆ ಹೋಗಿ ಮೂರು ಸಲವೂ ಫೇಲಾಗಿ ಬಂದಿದ್ದಾಳೆ. ಈ ವಾರ ಮುಗಿದರೆ ಕೆಲಸ ಇನ್ನೊಬ್ಬಳಿಗೆ. ಕಾರು ಕಲಿಸುವವನ ಮಗಳು ಮೂರು ಸಲ ಫೇಲು. ಮೊದಲನೆಯ ಸಲ ಬೀದಿಯವರು, ಆಗುತ್ತೆ ಬಿಡಿ ಅಂದರು. ಎರಡನೆಯ ಸಲ ಕೇಳಲಿಲ್ಲ. ಮೂರನೆಯ ಸಲ ಔಷಧಿ ಅಂಗಡಿಯವನು ಚಿಲ್ಲರೆ ಕೊಡುತ್ತ, ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ ಮೇಷ್ಟ್ರೇ, ಅಂದ. ಮೇಷ್ಟರು ನಕ್ಕರು. ಇಂಥ ಕಡೆಗಳಲ್ಲೆಲ್ಲ ಅವರಿಗೆ ತಕ್ಷಣ ನಗು ಬಂದುಬಿಡುತ್ತದೆ. ಆಡಬೇಕಾದ ಮಾತು ಬರುವುದು ಮನೆಗೆ ಬಂದು ಶೂ ಬಿಚ್ಚಿದ ಮೇಲೆ, ಹೇಳಲು ಎದುರಿಗೆ ಗೋಡೆಯೊಂದೇ ಉಳಿದಾಗ.

ಟೆಸ್ಟು ಇವತ್ತು ಮಧ್ಯಾಹ್ನ. "ಟೆಸ್ಟಿಗೆ ಚಿಕ್ಕಪ್ಪ ಕರ್ಕೊಂಡು ಹೋಗ್ತಾರೆ, ಅವರ ಕಾರಲ್ಲಿ," ಎಂದು ನಿನ್ನೆ ಸಂಜೆ ಅವಳು ಅಮ್ಮನಿಗೆ ಹೇಳಿದ್ದಳು. ಅಪ್ಪ ಅಲ್ಲೇ ಕೂತಿದ್ದರೂ ಅಮ್ಮನಿಗೇ ಹೇಳಿದ್ದಳು. "ಅವರ ಕಾರಲ್ಲಿ ಪಕ್ಕದ ಸೀಟಿಗೆ ಬ್ರೇಕಿಲ್ಲ," ಎಂದೂ ಸೇರಿಸಿದ್ದಳು. ಅಮ್ಮ ಏನೋ ಸಮಾಧಾನ ಮಾಡಿ, ಬೆಳಿಗ್ಗೆ ಒಂದು ಸುತ್ತು ಅಪ್ಪನ ಜೊತೆ ಹೋಗಿ ಬಾ, ಅವರಿಗೂ ಮನಸ್ಸಿಗೆ ನೆಮ್ಮದಿ, ಅಂದಳು. ಈ ಒಂದು ಸುತ್ತು ಅವರ ಪಾಲಿಗೆ ಬಂದದ್ದು ಹೀಗೆ, ಹೆಂಡತಿಯ ಶಿಫಾರಸಿನಿಂದ. ಮೇಷ್ಟರು ಸವೆದ ಶೂ ಹಾಕಿಕೊಂಡು, ಬೇಕಿದ್ದಕ್ಕಿಂತ ಗಟ್ಟಿಯಾಗಿ ದಾರ ಬಿಗಿದರು.

ಕಾರು ಕಲಿಸುವ ಶಾಲೆ ಅಂದರೆ ಎರಡು ಕಾರು, ಒಂದು ಶಟರು, ಒಂದು ಮೇಜು. ಮೇಜಿನ ಹಿಂದೆ ಮಾಲೀಕ. ಮಗಳು ಹೊರಗೇ ನಿಂತಳು. ಕೀಲಿ ಕೊಡುತ್ತ ಮಾಲೀಕ, "ಇವತ್ತು ಪಾಸ್ ಮಾಡಿಸಿಬಿಡಿ ಮೇಷ್ಟ್ರೇ. ಬೇರೆಯವರಾದ್ರೆ ಇನ್ನೆರಡು ಸಲ ಬರಲಿ ಅಂತಿದ್ದೆ," ಎಂದು ಕಣ್ಣು ಮಿಟುಕಿಸಿದ. ಇದು ಅವನ ಹಳೆಯ ಜೋಕು. ಮೇಷ್ಟರ ಕೈಯಲ್ಲಿ ಕಲಿತವರು ಒಂದೇ ಸಲಕ್ಕೆ ಪಾಸಾಗುವುದಿಲ್ಲ, ಮತ್ತೆ ಬರುತ್ತಾರೆ, ಮತ್ತೆ ಫೀಜು ಕಟ್ಟುತ್ತಾರೆ. ಇನ್ನೊಬ್ಬ ಮಾಸ್ತರನ ಹುಡುಗರು ಒಂದೇ ಏಟಿಗೆ ಪಾಸಾಗಿ ಮಾಯವಾಗುತ್ತಾರೆ. ಹಾಗಂತ ಮೇಷ್ಟರನ್ನು ಯಾರೂ ದೂರಿದ್ದಿಲ್ಲ. ಅವರ ಕಾರಿಗೆ ಒಂದು ಗೀರೂ ಬಿದ್ದಿಲ್ಲ, ಅವರ ಪಕ್ಕ ಕೂತು ಓಡಿಸಿದವರಿಗೆ ಭಯ ಅಂದರೇನೆಂದು ಗೊತ್ತಿಲ್ಲ. ಫೇಲಾಗಿ ಬಂದವರೆಲ್ಲ ಹೇಳುವುದು ಒಂದೇ ಮಾತು: ಇವತ್ತು ಬ್ರೇಕು ಯಾಕೋ ಗಟ್ಟಿ ಇತ್ತು ಮೇಷ್ಟ್ರೇ. ಮೇಷ್ಟರು ಬಗ್ಗಿ ನೋಡಿ, ತಂತಿ ಸ್ವಲ್ಪ ಬಿಗಿಯಾಗಿರಬೇಕು, ಎಣ್ಣೆ ಬಿಡಿಸೋಣ, ಅನ್ನುತ್ತಿದ್ದರು. ತಂತಿ ಸರಿಯಾಗೇ ಇದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆ ತಂತಿಯ ವಿಷಯ ಇಷ್ಟೆ. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನವರ ಕಾಲಿಗೂ ಒಂದು ಬ್ರೇಕು ಇರುತ್ತದೆ. ಎರಡಕ್ಕೂ ಒಳಗೆ ಒಂದೇ ತಂತಿ. ಇಲ್ಲಿ ಒತ್ತಿದರೆ ಅಲ್ಲಿನದೂ ಇಳಿಯುತ್ತದೆ. ಕಲಿಯುವವನು ಆಗಷ್ಟೇ ಹೆದರಿ ಕಾಲಿಟ್ಟಿರುತ್ತಾನೆ, ಕಾಲ ಕೆಳಗೆ ಪೆಡಲು ಬೆಣ್ಣೆಯ ಹಾಗೆ ಇಳಿಯುತ್ತದೆ, ಕಾರು ನಿಲ್ಲುತ್ತದೆ, ಎಷ್ಟು ಚೆನ್ನಾಗಿ ನಿಲ್ಲಿಸಿದೆ ಅಂತ ಅವನ ಮುಖ ಅರಳುತ್ತದೆ. ಅಪಾಯ ಬಂದಾಗ ಮಾತ್ರ ಒತ್ತಬೇಕು ಅನ್ನುವುದು ನಿಯಮ. ಮೇಷ್ಟರ ಕಾಲಿಗೆ ಆ ನಿಯಮ ಯಾವಾಗ ತಪ್ಪಿತೋ ಅವರಿಗೇ ತಿಳಿಯದು. ಅಪಾಯಕ್ಕೆ ಮೊದಲೇ, ಅಪಾಯದ ಯೋಚನೆಗೂ ಮೊದಲೇ ಕಾಲು ಇಳಿದಿರುತ್ತದೆ. ಕಾರಣವೊಂದು ಇದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಹಿಂದೆ ಯಾರೋ ಚಕ್ರಕ್ಕೆ ಸಿಕ್ಕಿದ್ದರು, ಅಂದಿನಿಂದ ಹೀಗೆ, ಅಂತ ಹೇಳಿಕೊಳ್ಳಬಹುದಿತ್ತು. ಯಾರೂ ಸಿಕ್ಕಿಲ್ಲ. ಬಸ್ಸಿನಲ್ಲಿ ಕೂತಾಗಲೂ ಅವರ ಕಾಲು ಎದುರಿನ ಸೀಟಿನ ಕಂಬಿ ಒತ್ತುತ್ತದೆ. ಹೆಂಡತಿ ಬಿಸಿ ಪಾತ್ರೆ ಎತ್ತಿಕೊಂಡು ಬಂದರೆ ಮೇಜಿನ ಕೆಳಗೆ ಒತ್ತುತ್ತದೆ. ತಮ್ಮ ಮೊದಲ ಸಲ ವೇದಿಕೆ ಹತ್ತಿದ ದಿನ ಅವನು ಮಾತಿನ ಹುರುಪಿನಲ್ಲಿ ವೇದಿಕೆಯ ಅಂಚಿಗೆ ಬಂದಾಗಲೆಲ್ಲ ಒತ್ತಿ ಒತ್ತಿ ಮೀನಖಂಡ ಹಿಡಿದುಕೊಂಡಿತ್ತು.

ಇದನ್ನೆಲ್ಲ ತಮ್ಮನಿಗೆ ಹೇಳಿದ್ದು ಅವರೇ. ಹಳೆಯ ಮನೆ ಖಾಲಿ ಮಾಡಿದ ದಿನ, ಸಾಮಾನು ಹೊತ್ತು ಸುಸ್ತಾಗಿ, ಇಬ್ಬರೂ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುವಾಗ. ನಗಿಸಬೇಕು ಅಂತಲೇ ಹೇಳಿದ್ದರು. "ಒತ್ತೋನು ನಾನು, ಕಲಿತೆ ಅಂದ್ಕೊಳ್ಳೋರು ಅವರು." ತಮ್ಮ ಬಿದ್ದು ಬಿದ್ದು ನಕ್ಕಿದ್ದ. ಆಮೇಲೆ ಚಹಾದ ಲೋಟ ಕೆಳಗಿಟ್ಟು, ಏನೋ ಸಿಕ್ಕವನ ಹಾಗೆ ಎದುರಿನ ಗೋಡೆ ನೋಡಿದ್ದ. ಆಗಲೇ ಅರ್ಥವಾಗಬೇಕಿತ್ತು. ಭಾನುವಾರ, ಸಾವಿರ ಕುರ್ಚಿಯ ಸಭಾಂಗಣದಲ್ಲಿ, ಕೆನ್ನೆಗೆ ಅಂಟಿಸಿದ ಮೈಕಿನಲ್ಲಿ ಅವನು ನಿಧಾನವಾಗಿ, "ನನಗೊಬ್ಬರು ಗೊತ್ತು," ಎಂದು ಶುರುಮಾಡಿದ. ಮೇಷ್ಟರು ಎರಡನೆಯ ಸಾಲಿನಲ್ಲಿ, ಅತ್ತ ಹೆಂಡತಿ ಇತ್ತ ಮಗಳು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದರು. "ಡ್ರೈವಿಂಗ್ ಕಲಿಸ್ತಾರೆ. ಜೀವನವೆಲ್ಲ ಪಕ್ಕದ ಸೀಟಲ್ಲೇ ಕಳೆದಿದಾರೆ. ಅವರ ಹತ್ರ ಸ್ಟೀರಿಂಗಿಲ್ಲ, ಆಕ್ಸಿಲರೇಟರಿಲ್ಲ. ಏನಿದೆ ಹೇಳಿ? ಬರೀ ಬ್ರೇಕು." ಜನ ನಕ್ಕರು. ಮೇಷ್ಟರೂ ನಕ್ಕರು. ಸತ್ಯ ಹೇಳಬೇಕೆಂದರೆ ಅವರು ಎಲ್ಲರಿಗಿಂತ ಒಂದು ಕ್ಷಣ ಮೊದಲೇ ನಕ್ಕರು; ತಮ್ಮನು ಕಥೆ ಹೇಳುವ ಧಾಟಿ ಚಿಕ್ಕಂದಿನಿಂದ ಅವರಿಗೆ ಇಷ್ಟ. ತಮ್ಮ ನೋವಿನ ಮೇಲೆ ತಾವೇ ಚಪ್ಪಾಳೆ ತಟ್ಟಿದ್ದು ಗೊತ್ತಾಗುವ ಹೊತ್ತಿಗೆ ಅವನು ಮುಂದಕ್ಕೆ ಹೋಗಿದ್ದ. "ಒತ್ತೋರು ಅವರು, ಕಲಿತೆ ಅಂದ್ಕೊಳ್ಳೋರು ಇವರು. ನಿಮ್ಮ ಜೀವನದ ಪಕ್ಕದ ಸೀಟಲ್ಲಿ ಯಾರು ಕೂತಿದಾರೆ? ನೀವು ಮುಂದೆ ಹೋಗಬೇಕು ಅಂದಾಗಲೆಲ್ಲ ಸದ್ದಿಲ್ಲದೆ ಕಾಲು ಒತ್ತೋರು ಯಾರು? ಇವತ್ತು ಮನೆಗೆ ಹೋಗಿ ಅವರ ಕಾಲು ನೋಡಿ." ಮನೆಗೆ ಹೋಗುವವರೆಗೂ ಮಗಳು ಕಾಯಲಿಲ್ಲ. ಪಕ್ಕಕ್ಕೆ ತಿರುಗಿ ಕೆಳಗೆ ನೋಡಿದಳು. ತಮ್ಮ ಆಗ ವೇದಿಕೆಯ ತುತ್ತತುದಿಗೆ ಬಂದಿದ್ದ. ಮೇಷ್ಟರ ಬಲಗಾಲು ನೆಲವನ್ನು ಒತ್ತಿ ಹಿಡಿದಿತ್ತು, ಹಿಮ್ಮಡಿ ಎದ್ದಿತ್ತು. ಅವಳು ಆ ಕಾಲನ್ನು ನೋಡಿ, ಅವರ ಮುಖ ನೋಡಿ, ಮತ್ತೆ ವೇದಿಕೆಯ ಕಡೆ ತಿರುಗಿ ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು.

ಆಮೇಲೆ ತಮ್ಮ ಫೋನು ಮಾಡಿದ್ದ. "ಅಣ್ಣ, ಬೇಜಾರಾಯ್ತಾ? ಹೆಸರು ಹೇಳಿಲ್ವಲ್ಲ. ಆ ಕಥೆಯಿಂದ ಎಷ್ಟು ಜನಕ್ಕೆ ಉಪಕಾರ ಆಯ್ತು ಗೊತ್ತಾ? ಒಬ್ಬರು ಅತ್ತುಬಿಟ್ರು." ಮೇಷ್ಟರು, ಅಯ್ಯೋ ಅದಕ್ಕೆಲ್ಲ ಏನು ಬೇಜಾರು, ಅಂದರು. ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಗಿತ್ತು. ತಮ್ಮನ ಮಾತು ಸುಳ್ಳಾಗಿದ್ದರೆ ಜಗಳವಾಡಬಹುದಿತ್ತು. ಅವರಿಗೆ ಸಹಿಸಲು ಆಗದ್ದು ಬೇರೆ: ತಮ್ಮ ಕಾಲು, ತಮ್ಮ ಪೆಡಲು, ಎಷ್ಟೋ ವರ್ಷದ ಮೀನಖಂಡದ ನೋವು ಹೋಗಿ ಹೋಗಿ ಒಂದು ನೀತಿಯಾಗಿಬಿಟ್ಟಿತ್ತು. ಅದು ಸುಳ್ಳೆನ್ನುವ ಧೈರ್ಯ ಇವರಿಗಿಲ್ಲ, ನಿಜವೆಂದು ಒಪ್ಪಿಕೊಂಡರೂ ಕಾಲು ತೆಗೆಯಲು ಬರುವುದಿಲ್ಲ. ಗಾದೆ ಹೇಳಿದವನ ಕೊರಳಿಗೆ ಹಾರ, ಗಾದೆಯಾದವನ ಕಾಲಿಗೆ ನೋವು.

"ಬೆಲ್ಟು," ಎಂದಳು ಮಗಳು, ಸ್ಟೀರಿಂಗಿನ ಮುಂದೆ ಕೂತು.

ಮೇಷ್ಟರು ಬೆಲ್ಟು ಹಾಕಿಕೊಂಡರು. ಅವಳು ಕನ್ನಡಿ ಸರಿಮಾಡಿ, ಹಿಂದೆ ನೋಡಿ, ಹೊರಡಿಸಿದಳು. ಹೊರಡಿಸುವುದರಲ್ಲಿ ಅವಳದು ಏನೂ ತಪ್ಪಿಲ್ಲ. ಗೇರು ಸದ್ದಿಲ್ಲದೆ ಬೀಳುತ್ತದೆ, ತಿರುವಿನಲ್ಲಿ ಕೈ ಹೊಯ್ದಾಡುವುದಿಲ್ಲ. ಸೂಜಿ ಚುಚ್ಚಿ ಚುಚ್ಚಿ ಹದ ಬಂದ ಕೈ. ಮೇಷ್ಟರು ಬಲಗಾಲನ್ನು ಪೆಡಲಿನಿಂದ ಎಳೆದು ಸೀಟಿನ ಕೆಳಗೆ ತೂರಿಸಿ, ಅದರ ಮೇಲೆ ಎಡಗಾಲನ್ನು ಅಡ್ಡ ಹಾಕಿದರು. ಬೀದಿಯಲ್ಲಿ ಅಂಗಡಿಗಳು ಆಗಷ್ಟೇ ಬಾಗಿಲು ತೆಗೆಯುತ್ತಿದ್ದವು. ಒಬ್ಬಾತ ಏಣಿ ಹೊತ್ತು ರಸ್ತೆ ದಾಟುತ್ತಿದ್ದ. ಏಣಿಯ ಹಿಂದಿನ ತುದಿ ಅವನು ದಾಟಿದ ಮೇಲೂ ಎಷ್ಟೋ ಹೊತ್ತು ರಸ್ತೆಯಲ್ಲೇ ಇತ್ತು. ಸೀಟಿನ ಕೆಳಗೆ ಬಲಗಾಲು ಎಡಗಾಲನ್ನು ತಳ್ಳಿತು. ಟೆಸ್ಟು ಮಾಡುವ ಪರೀಕ್ಷಕ ಕಳೆದ ತಿಂಗಳು, ಮಗಳನ್ನು ಫೇಲು ಮಾಡಿ ಕಾಗದಕ್ಕೆ ಸಹಿ ಹಾಕಿದ ಮೇಲೆ, ಇವರನ್ನು ಪಕ್ಕಕ್ಕೆ ಕರೆದು ಹೇಳಿದ್ದ: "ನಿಮ್ಮ ಹತ್ರ ಕಲಿತವರು ಯಾರು ಅಂತ ನಾನು ಕೇಳಬೇಕಾಗೇ ಇಲ್ಲ ಮೇಷ್ಟ್ರೇ. ನಿಲ್ಲಿಸೋ ಗೆರೆ ಹತ್ರ ಬಂದ ಕೂಡಲೇ ನನ್ನ ಮುಖ ನೋಡ್ತಾರೆ." ಕೆಟ್ಟ ಮನುಷ್ಯನಲ್ಲ, ಮೆತ್ತಗೇ ಹೇಳಿದ್ದ. ಮೇಷ್ಟರು ಅಲ್ಲೂ ನಕ್ಕಿದ್ದರು. ಆ ಸಂಜೆ ಮಗಳು ಊಟಕ್ಕೆ ಏಳಲಿಲ್ಲ. ನನಗೆ ಕಲಿಯೋಕೇ ಬರಲ್ಲ, ನನ್ನಲ್ಲೇ ಏನೋ ಕಮ್ಮಿ ಇದೆ, ಅಂತ ಅಮ್ಮನ ಹತ್ತಿರ ಅಳುತ್ತಿದ್ದದ್ದು ಗೋಡೆಯಾಚೆ ಕೇಳುತ್ತಿತ್ತು. ಎದ್ದು ಹೋಗಿ, ಕಮ್ಮಿ ಇರುವುದು ನಿನ್ನಲ್ಲಲ್ಲಮ್ಮ ಅಂತ ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಮೇಷ್ಟರು ಹಾಸಿಗೆಯಲ್ಲಿ ಆ ಮಗ್ಗುಲಿಂದ ಈ ಮಗ್ಗುಲಿಗೆ ಹೊರಳಿದರು. ಹೇಳಲಿಲ್ಲ. ಹೇಳಿದ್ದು ತಮ್ಮ, ಸಾವಿರ ಜನರ ಮುಂದೆ.

ಶಾಲೆಯೊಂದರ ಮುಂದೆ ರಸ್ತೆಗೆ ಬಿಳಿ ಪಟ್ಟೆ ಬಳಿದಿತ್ತು. ಕೈಗಾಡಿಯಲ್ಲಿ ತರಕಾರಿ ಚೀಲ ಇಟ್ಟುಕೊಂಡ ಮುದುಕಿಯೊಬ್ಬಳು ಯಾವ ಕಡೆಗೂ ನೋಡದೆ ಪಟ್ಟೆಗೆ ಇಳಿದಳು. ದೂರವಿತ್ತು, ವೇಗ ಹೆಚ್ಚೇನಿರಲಿಲ್ಲ. ಮೇಷ್ಟರ ಬಲಗಾಲು ಎಡಗಾಲನ್ನು ಒದ್ದು ಹೊರಬಂತು. ಅವರು ಎರಡೂ ಕೈಯಿಂದ ಮಂಡಿಯನ್ನು ಹಿಡಿದರು. ಹಿಡಿದು, ಹಲ್ಲು ಕಚ್ಚಿ, ಮುದುಕಿಯ ಚೀಲದಿಂದ ಇಣುಕುತ್ತಿದ್ದ ಸೊಪ್ಪನ್ನು ನೋಡಿದರು. ಆ ಸೊಪ್ಪು ಹತ್ತಿರ ಬರುತ್ತಲೇ ಇತ್ತು. ಆಮೇಲೆ ನಿಂತಿತು. ಕಾರು ನಿಂತಿತ್ತು. ಒಂದು ಕುಲುಕೂ ಇಲ್ಲದೆ, ಪಟ್ಟೆಯಿಂದ ಅಳತೆ ಮಾಡಿದ ಹಾಗೆ ಇಷ್ಟು ಹಿಂದೆ. ಮುದುಕಿ ದಾಟಿ ಹೋದಳು. ಮೇಷ್ಟರ ಬಾಯಿ ತಾನಾಗಿ ತೆರೆಯಿತು. ಎಷ್ಟು ಚೆನ್ನಾಗಿ, ಎಂದು ಅವರು ಶುರುಮಾಡುವಷ್ಟರಲ್ಲಿ ಮಗಳು ಕಾರನ್ನು ಪಕ್ಕಕ್ಕೆ ತಂದು, ನಿಲ್ಲಿಸಿ, ಕೀಲಿ ತಿರುಗಿಸಿಬಿಟ್ಟಳು.

"ಮತ್ತೆ ಹಾಕಿದೆ ಅಲ್ವಾ?"

"ಏನು?"

"ಇವತ್ತೂ ಹಾಕಿದೆ. ಇವತ್ತೂ ಬಿಡಲಿಲ್ಲ ಅಲ್ವಾ ಅಪ್ಪ?"

"ಇಲ್ಲಮ್ಮ. ನಾನು ಮುಟ್ಟಲೇ ಇಲ್ಲ. ನೀನೇ ನಿಲ್ಲಿಸಿದ್ದು."

"ನಾನು ನಿಲ್ಲಿಸಿದ್ರೆ ಇಷ್ಟು ಚೆನ್ನಾಗಿ ನಿಲ್ಲಲ್ಲ," ಎಂದಳು. ದನಿ ಏರಲಿಲ್ಲ, ಅದೇ ಅವರಿಗೆ ಹೆಚ್ಚು ಕಷ್ಟವಾಯಿತು. "ನನಗೇ ಗೊತ್ತಿಲ್ವಾ? ಮೂರು ಸಲ ಗೆರೆ ದಾಟಿ ಹೋಗಿ ನಿಲ್ಲಿಸಿದೀನಿ."

"ದೇವರಾಣೆಗೂ ಹಾಕಿಲ್ಲ. ನೋಡು, ಮಂಡಿ ಹಿಡ್ಕೊಂಡಿದ್ದೆ. ಹೀಗೆ."

ಮೇಷ್ಟರು ಮಂಡಿ ಹಿಡಿದು ತೋರಿಸಿದರು. ತೋರಿಸುವಾಗಲೇ ಅದು ಕದ್ದು ಸಿಕ್ಕಿಬಿದ್ದವನ ಆಟದ ಹಾಗೆ ಕಾಣುತ್ತಿದೆ ಅಂತ ಗೊತ್ತಾಯಿತು. ಅವಳು ಅವರ ಕೈಯನ್ನಾಗಲಿ ಮಂಡಿಯನ್ನಾಗಲಿ ನೋಡಲಿಲ್ಲ. ಪೆಡಲು ನೋಡಿದಳು. ಎಡಗಾಲನ್ನು ಒದ್ದು ಹೊರಬಂದ ಬಲಗಾಲು ಪೆಡಲಿನಿಂದ ಒಂದು ಗೇಣಿನಷ್ಟು ದೂರದಲ್ಲಿ, ಈಗ ತಾನೆ ಇಳಿದು ಬಂದ ಹಾಗೆ ನಿಂತಿತ್ತು. "ಚಿಕ್ಕಪ್ಪನಿಗೆ ಬೇಗ ಬರೋಕೆ ಹೇಳ್ತೀನಿ," ಎಂದು ಅವಳು ಫೋನಿಗೆ ಕೈಹಾಕಿದಳು. ಮೇಷ್ಟರಿಗೆ ಮೈ ಪರಚಿಕೊಳ್ಳುವಷ್ಟು ಸಿಟ್ಟು ಬಂತು. ಯಾರ ಮೇಲೆ? ಒತ್ತಿದಾಗಲೆಲ್ಲ ನಂಬಿದವರು, ಒತ್ತದ ಒಂದೇ ಒಂದು ದಿನ ನಂಬುವುದಿಲ್ಲ. ಸುಳ್ಳಿಗೆ ನೂರು ಸಾಕ್ಷಿ. ನಿಜಕ್ಕೆ ಒಂದು ಸಾಕ್ಷಿಯೂ ಇಲ್ಲ, ಇದ್ದ ಸಾಕ್ಷಿಯೆಂದರೆ ಈ ಹಾಳು ಕಾಲು. ಇಳಿದು ಹೋಗೋಣವೆಂದರೆ ಲೈಸೆನ್ಸಿಲ್ಲದ ಮಗಳನ್ನು ಕಾರಿನಲ್ಲಿ ಒಬ್ಬಳನ್ನೇ ಬಿಡುವ ಹಾಗಿಲ್ಲ. ಕೂತಿರೋಣವೆಂದರೆ ಕೂರಲು ಆಗುತ್ತಿಲ್ಲ. ಬಗ್ಗಿ ಶೂವಿನ ದಾರ ಎಳೆದರು. ಬೆಳಿಗ್ಗೆ ಬಿಗಿದದ್ದು ಬಿಚ್ಚಲು ಬರಲಿಲ್ಲ. ಉಗುರಿನಿಂದ ಕಿತ್ತು, ಎರಡೂ ಶೂ ತೆಗೆದು ಹಿಂದಿನ ಸೀಟಿಗೆ ಎಸೆದರು.

"ಏನ್ಮಾಡ್ತಿದೀಯ?"

ಮೇಷ್ಟರು ಸೀಟನ್ನು ಹಿಂದಕ್ಕೆ ತಳ್ಳಿ, ಒಂದು ಕಾಲು ಎತ್ತಿ ಮೇಲಿಟ್ಟುಕೊಂಡರು. ಇನ್ನೊಂದನ್ನು ಕೈಯಿಂದ ಹಿಡಿದು ಎತ್ತಬೇಕಾಯಿತು, ಮಂಡಿ ಕಟಕ್ ಎಂದಿತು. ಚಕ್ಕಳಮಕ್ಕಳ ಹಾಕಿ ಕೂತರು. ತಲೆ ಚಾವಣಿಗೆ ತಾಗುತ್ತಿತ್ತು, ಒಂದು ಮಂಡಿ ಬಾಗಿಲಿಗೆ, ಒಂದು ಗೇರಿಗೆ. ಕಾಲುಚೀಲದ ಹೆಬ್ಬೆರಳಿನಲ್ಲಿ ತೂತು. ಕೈ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು, "ನಡಿ," ಎಂದರು. "ನಡಿ. ಈಗಂತೂ ನಾನು ಹಾಕೋಕಾಗಲ್ಲ. ಹೋಗಿ ಯಾವುದಕ್ಕಾದ್ರೂ ಗುದ್ದು."

ಮಗಳು ಅವರನ್ನು ನೋಡಿದಳು. ತುಟಿಯಂಚಿನಲ್ಲಿ ಏನೋ ಬಂದು, ಅಲ್ಲೇ ನಿಂತಿತು. ಫೋನನ್ನು ಬದಿಗಿಟ್ಟು ಕೀಲಿ ತಿರುಗಿಸಿದಳು. ಪಕ್ಕದಲ್ಲಿ ಸೈಕಲ್ಲಿನಲ್ಲಿ ಹೋಗುತ್ತಿದ್ದವನು ಕಾರಿನೊಳಗೆ ತಪಸ್ಸಿಗೆ ಕೂತಂತೆ ಕೂತ ಈ ಮನುಷ್ಯನನ್ನು ನೋಡಿ ತಿರುಗಿ ತಿರುಗಿ ನೋಡುತ್ತಾ ಹೋದ. ನೋಡಲಿ. ಮಾರುಕಟ್ಟೆ ದಾಟಿದ ಮೇಲೆ ಇಳಿಜಾರು ಶುರುವಾಗುತ್ತದೆ, ಇಳಿಜಾರು ಮುಗಿಯುವ ಕಡೆ ಸಿಗ್ನಲ್ಲು. ಕಲಿಯುವವರೆಲ್ಲ ಹೆದರುವ ಜಾಗ. ಅಷ್ಟೂ ಜನರನ್ನು ಅಲ್ಲಿ ನಿಲ್ಲಿಸಿದ್ದು ಮೇಷ್ಟರೇ. ಕಾರು ಇಳಿಯತೊಡಗಿತು. ಮುಂದೆ ಒಂದು ಬಸ್ಸು. ಸಿಗ್ನಲ್ಲು ಹಳದಿಯಾಯಿತು, ಬಸ್ಸಿನ ಹಿಂದಿನ ಕೆಂಪು ದೀಪಗಳು ಹತ್ತಿದವು. ಈಗ, ಎಂದಿತು ಅವರ ಕಾಲು. ತೊಡೆಯ ಕೆಳಗೆ ಸಿಕ್ಕಿಕೊಂಡ ಬಲಪಾದ ಎಡತೊಡೆಯನ್ನೇ ಒತ್ತುತ್ತಿತ್ತು, ತನ್ನ ಮೈಯನ್ನೇ ನಿಲ್ಲಿಸಲು ಹೊರಟ ಹಾಗೆ. ಈಗ, ಈಗ. ಹೇಳಿಬಿಡಲೇ? ಹೇಳಿದರೆ ಅದೂ ಒತ್ತಿದ ಹಾಗೇ. ಅವರು ನಾಲಿಗೆ ಕಚ್ಚಿಕೊಂಡರು. ಕಣ್ಣು ಮುಚ್ಚಬೇಕೆಂದರೆ ಕಣ್ಣೂ ಮುಚ್ಚಲೊಲ್ಲದು. ಬಸ್ಸಿನ ಹಿಂಭಾಗದಲ್ಲಿ ಯಾರೋ ಧೂಳಿನ ಮೇಲೆ ಬೆರಳಿನಿಂದ ಒಂದು ಮುಖ ಬರೆದಿದ್ದರು, ಕಣ್ಣು ಮೂಗು ಎಲ್ಲ ಇತ್ತು, ಬಾಯಿ ಬರೆಯುವಷ್ಟರಲ್ಲಿ ಬಸ್ಸು ಹೊರಟಿರಬೇಕು. ಅದು ದೊಡ್ಡದಾಗುತ್ತಾ ಬಂತು. ಮಗಳ ಉಸಿರು ಕೇಳಿಸಿತು. ಆಮೇಲೆ ಟೈರು ಕಿರ್ರೆಂದಿತು, ಬೆಲ್ಟು ಎದೆಗೆ ಬಡಿಯಿತು, ಮಂಡಿ ಹೋಗಿ ಮುಂದಿನ ಡ್ಯಾಶ್‌ಬೋರ್ಡಿಗೆ ಗುದ್ದಿತು, ಹಿಂದಿನ ಸೀಟಿನಿಂದ ಶೂ ಕೆಳಗೆ ಬಿದ್ದ ಸದ್ದಾಯಿತು.

ಕಾರು ನಿಂತಿತ್ತು. ಬಸ್ಸಿಗೂ ಕಾರಿಗೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ತೂರಿ ಹೋಗುವಷ್ಟು ಜಾಗ. ಹಿಂದಿನವನು ಹಾರ್ನು ಒತ್ತಿದ.

ಮಗಳ ಬಲಗಾಲು ಇನ್ನೂ ಪೆಡಲನ್ನು ನೆಲಕ್ಕೆ ಅದುಮಿತ್ತು. "ಎಷ್ಟು ಗಟ್ಟಿ ಇದೆ ಅಪ್ಪ ಇದು," ಎಂದಳು. "ಇಷ್ಟು ಗಟ್ಟಿ ಇರುತ್ತೆ ಅಂತ ಗೊತ್ತೇ ಇರಲಿಲ್ಲ."

ಮೇಷ್ಟರು ಮಂಡಿ ತಿಕ್ಕಿಕೊಂಡರು.

"ಶಾಲೆ ಹತ್ರ ಇಷ್ಟು ಗಟ್ಟಿ ಇರಲಿಲ್ಲ. ಅಲ್ಲಿ ಹಾಕಿದ್ದು ನೀನೇ ತಾನೆ?" ಈ ಸಲ ಅವಳು ಜಗಳಕ್ಕೆ ಕೇಳುತ್ತಿರಲಿಲ್ಲ.

"ಅಲ್ಲಿ ವೇಗ ಇರಲಿಲ್ಲ, ಅದಕ್ಕೆ ಹಾಗನ್ನಿಸಿತು. ಅದೂ ನೀನೇ."

"ಸರಿ ಬಿಡು," ಎಂದು ಮಗಳು ನಕ್ಕಳು. ಭಾನುವಾರದ ಮೇಲೆ ಮೊದಲ ಸಲ ನಕ್ಕಳು. ಹಟ ಹಿಡಿದು ಸುಳ್ಳು ಹೇಳುವ ರೋಗಿಗಳನ್ನು ನೋಡಿ ನಗುವ, ಮಾತ್ರೆ ನುಂಗಿದೆ ಅನ್ನುವ ಮುದುಕರ ಕೆನ್ನೆ ತಟ್ಟುವ ನಗು. ಮೇಷ್ಟರಿಗೆ ಅರ್ಥವಾಯಿತು. ಅವಳು ಕ್ಷಮಿಸಿದ್ದಳು. ಮಾಡಿದ್ದೆಲ್ಲ ಹಾಗೇ ಇರಲು, ಮಾಡದ ಒಂದಕ್ಕೆ ಕ್ಷಮೆ ಸಿಕ್ಕಿತ್ತು. ಹಾಗಲ್ಲ ಕೇಳು, ಅನ್ನಬೇಕೆಂದು ಅವರ ಗಂಟಲಿನವರೆಗೂ ಬಂತು. ಸಿಗ್ನಲ್ಲು ಹಸಿರಾಯಿತು. "ಚಿಕ್ಕಪ್ಪನಿಗೆ ಬರೋದು ಬೇಡ ಅಂತ ಹೇಳಿಬಿಡ್ತೀನಿ. ಈ ಪೆಡಲೇ ಕಾಲಿಗೆ ಕೂರಲಿ," ಎಂದು ಅವಳು ಕಾರು ಮುಂದಕ್ಕೆ ಬಿಟ್ಟಳು. ಆ ಇಳಿಜಾರನ್ನು ಅವಳು ಮತ್ತೆ ಮತ್ತೆ ಇಳಿದಳು. ಒಂದು ಸಲ ಬೇಗ ನಿಲ್ಲಿಸಿದಳು, ಒಂದು ಸಲ ಕುಲುಕಿಸಿದಳು, ಒಂದು ಸಲ ಹಿಂದಿನವರ ಬೈಗಳು ತಿಂದಳು. ನಡುವೆ ಕಾರು ಪಕ್ಕಕ್ಕೆ ನಿಲ್ಲಿಸಿ ಅಮ್ಮನಿಗೆ ಫೋನು ಮಾಡಿ, ಅಪ್ಪ ಕೂತ ಚೆಂದವನ್ನೂ ಹೇಳಿದಳು. ಮೇಷ್ಟರ ಕಾಲು ಜೋಮು ಹಿಡಿದು, ಆಮೇಲೆ ಇದೆಯೋ ಇಲ್ಲವೋ ಅನ್ನುವ ಹಾಗಾಯಿತು. ಇಳಿಸಲು ಭಯ. ಇಳಿಸಿದರೆ ಅದು ಎಲ್ಲಿಗೆ ಹೋಗುತ್ತದೆ ಅಂತ ಅವರಿಗೆ ಗೊತ್ತಿತ್ತು.

ಮಧ್ಯಾಹ್ನ ಅಲ್ಲಿಂದಲೇ ನೇರವಾಗಿ ಟೆಸ್ಟಿಗೆ ಹೋದರು. ಟೆಸ್ಟು ನಡೆಯುವ ಬಯಲಿನಲ್ಲಿ ಜೊತೆಗೆ ಬಂದವರು ಹಗ್ಗದ ಆಚೆ ನಿಲ್ಲಬೇಕು. ನೆಲದ ತುಂಬ ಜಲ್ಲಿ. ಪರೀಕ್ಷಕ ಮೇಷ್ಟರ ಸೀಟಿನಲ್ಲಿ ಕೂತ. ತಮ್ಮ ಸೀಟಿನಲ್ಲಿ ಇನ್ನೊಬ್ಬರು ಕೂತದ್ದನ್ನು ದೂರದಿಂದ ನೋಡುವಾಗ ಮೇಷ್ಟರಿಗೆ ತಾವೇ ಇಲ್ಲವಾದ ಹಾಗೆ ಅನ್ನಿಸಿತು. ಅದರಲ್ಲಿ ದುಃಖಕ್ಕಿಂತ ಕಸಿವಿಸಿಯೇ ಹೆಚ್ಚು. ಕಾರು ಹೊರಟಿತು, ತಿರುಗಿತು, ಕಂಬಗಳ ನಡುವೆ ಹಿಂದಕ್ಕೆ ಬಂತು, ಮತ್ತೆ ಮುಂದಕ್ಕೆ ನಿಲ್ಲಿಸುವ ಗೆರೆಯ ಕಡೆ ಹೊರಟಿತು. ಇಲ್ಲೇ ಮೂರು ಸಲವೂ ಫೇಲಾಗಿದ್ದು. ಮೇಷ್ಟರು ಮಗಳ ಕಾಲನ್ನಲ್ಲ, ಅದು ಕಾಣುವುದೂ ಇಲ್ಲ, ಅವಳ ತಲೆಯನ್ನು ನೋಡುತ್ತಿದ್ದರು. ಪಕ್ಕಕ್ಕೆ ತಿರುಗುತ್ತದೋ, ತಿರುಗಿ ಪರೀಕ್ಷಕನ ಮುಖ ನೋಡುತ್ತದೋ. ಬಲಗಾಲು ಜಲ್ಲಿಯೊಳಕ್ಕೆ ಇಳಿಯಿತು. ಇಳಿಯಲಿ ಅಂತ ಬಿಟ್ಟರು, ಇಲ್ಲಿ ತಂತಿಯಿಲ್ಲ. ತಲೆ ತಿರುಗಲಿಲ್ಲ. ನೆಟ್ಟಗೆ ಗೆರೆಯನ್ನೇ ನೋಡುತ್ತಿತ್ತು. ಹಿಂದಿನ ಕೆಂಪು ದೀಪಗಳು ಹತ್ತಿದವು. ಸ್ವಲ್ಪ ಕುಲುಕಿತು, ಸ್ವಲ್ಪ ಬೇಗವೇ ಆಯಿತು, ಆದರೆ ಗೆರೆಯ ಈಚೆಗೇ ನಿಂತಿತು.

ಕಾಗದ ಕೈಗೆ ಬರುವುದಕ್ಕೆ ಮೊದಲೇ ತಮ್ಮನ ಫೋನು. ಮಗಳು ಕಾರಿಗೆ ಒರಗಿ ನಿಂತು, ಫೋನಿನ ದನಿಯನ್ನು ಅಪ್ಪನಿಗೂ ಕೇಳುವ ಹಾಗೆ ಮಾಡಿದಳು. ತಮ್ಮ ಉಬ್ಬಿಹೋಗಿದ್ದ. "ಪಾಸಾ? ನಾನು ಹೇಳಿರಲಿಲ್ವಾ? ಆ ಕಾಲು ತೆಗೆದ ತಕ್ಷಣ ನೋಡು ಹೇಗಾಯ್ತು. ಏನೇನಾಯ್ತು ಪೂರ್ತಿ ಹೇಳು. ಅಣ್ಣ ಚಕ್ಕಳಮಕ್ಕಳ ಹಾಕಿ ಕೂತಿದ್ನಂತೆ, ನಿಮ್ಮಮ್ಮ ಹೇಳಿದ್ರು. ಅಬ್ಬಾ, ಎಂಥ ಕೊನೆ ಸಿಕ್ತು ಗೊತ್ತಾ ಆ ಕಥೆಗೆ? ಮುಂದಿನ ಭಾನುವಾರ ಇದನ್ನೇ ಹೇಳ್ತೀನಿ. ಜನ ಎದ್ದು ನಿಲ್ತಾರೆ. ಅಣ್ಣನಿಗೇನೂ ಬೇಜಾರಿಲ್ಲ ತಾನೆ?"

ಮಗಳು ಅಪ್ಪನ ಮುಖ ನೋಡಿದಳು. ಮೇಷ್ಟರು ಆಗಲೇ ನಗಲು ಶುರುಮಾಡಿದ್ದರು. ಅಯ್ಯೋ ಅದಕ್ಕೆಲ್ಲ ಏನು ಬೇಜಾರು, ಅನ್ನುವ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು.

"ಬೇಡ ಚಿಕ್ಕಪ್ಪ," ಎಂದಳು ಮಗಳು. "ಇದನ್ನ ಹೇಳ್ಬೇಡಿ."

"ಅಲ್ಲ ಕಣಮ್ಮ, ಹೆಸರು ಹೇಳಲ್ಲ..."

"ಹೆಸರು ಹೇಳದೇ ಇದ್ರೂ ಬೇಡ. ಇದೂ ಬೇಡ, ಹಿಂದಿನದೂ ಬೇಡ. ಅದನ್ನ ಇನ್ನು ಎಲ್ಲೂ ಹೇಳ್ಬೇಡಿ."

ಊರಿಗೆ ಮಾತು ಕಲಿಸುವವನಿಗೆ ಮಾತು ಸಿಗದ್ದನ್ನು ಮೇಷ್ಟರು ಅಷ್ಟು ವರ್ಷದಲ್ಲಿ ಅದೇ ಮೊದಲು ಕೇಳಿದ್ದು. ಸರಿಯಮ್ಮ, ಎಂದ ಅವನು ಕಡೆಗೆ. ಮಗಳು ಫೋನನ್ನು ಚೀಲಕ್ಕೆ ಹಾಕಿಕೊಂಡು ಕಾಗದ ಇಸಕೊಳ್ಳಲು ಆಫೀಸಿನ ಕಿಟಕಿಯ ಕಡೆ ನಡೆದಳು. ಮೇಷ್ಟರ ಮುಖದಲ್ಲಿ ನಗು ಹಾಗೇ ಉಳಿದಿತ್ತು, ಅದನ್ನೇನು ಮಾಡಬೇಕೆಂದು ತೋಚಲಿಲ್ಲ. ನಿಧಾನವಾಗಿ ಅದು ಇಳಿಯಿತು. ಇಳಿದ ಮೇಲೆ ಪಾದ ಉರಿಯುವುದು ಗೊತ್ತಾಗಿ ಕೆಳಗೆ ನೋಡಿಕೊಂಡರು. ಶೂ ಇನ್ನೂ ಕಾರಿನೊಳಗೇ ಇತ್ತು. ಅಷ್ಟು ಹೊತ್ತೂ ಅವರು ತೂತುಬಿದ್ದ ಕಾಲುಚೀಲದಲ್ಲೇ ಜಲ್ಲಿಯ ಮೇಲೆ ನಿಂತಿದ್ದರು.

"ಅಪ್ಪ, ಬಾ," ಎಂದು ಮಗಳು ಕಾಗದ ಹಿಡಿದು ಬಂದಳು. "ನಾನೇ ಓಡಿಸ್ತೀನಿ. ನೀನು ಹಿಂದೆ ಕೂತ್ಕೋ."

ಮೇಷ್ಟರು ಕುಂಟುತ್ತ ಹೋಗಿ ಹಿಂದಿನ ಬಾಗಿಲು ತೆಗೆದರು. ಅಷ್ಟು ವರ್ಷ ಕೆಲಸ ಮಾಡಿದ ಕಾರು, ಆ ಸೀಟಿನಲ್ಲಿ ಅವರು ಒಂದು ದಿನವೂ ಕೂತಿರಲಿಲ್ಲ. ಕೆಳಗೆ ಬಿದ್ದಿದ್ದ ಶೂಗಳನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು, ಕಾಲೆರಡನ್ನೂ ನೆಲಕ್ಕೆ ಚಾಚಿ ಕೂತರು. ಮುಂದೆ ಒತ್ತಲು ಏನೂ ಇರಲಿಲ್ಲ.